ನ್ಯೂರೋಎಂಡೋಕ್ರೈನ್ ಕ್ಯಾನ್ಸರ್: ಯಾವ ಕೀಮೋ ಯಾರಿಗೆ?

ಕಾಯಿಲೆಯ ಹೆಸರು ಒಂದೇ. ಒಬ್ಬರಿಗೆ ಡಾಕ್ಟರು "ತಿಂಗಳಿಗೊಂದು ಇಂಜೆಕ್ಷನ್ ಸಾಕು, ಸದ್ಯಕ್ಕೆ ಕೀಮೋ ಬೇಡ" ಎನ್ನುತ್ತಾರೆ. ಇನ್ನೊಬ್ಬರಿಗೆ "ಇದೇ ವಾರ ಡ್ರಿಪ್ ಶುರು ಮಾಡೋಣ, ತಡ ಮಾಡುವ ಹಾಗಿಲ್ಲ" ಎನ್ನುತ್ತಾರೆ. ಮೂರನೆಯವರ ಕೈಗೆ ಮನೆಯಲ್ಲೇ ನುಂಗುವ ಮಾತ್ರೆಗಳ ಚೀಟಿ ಬರುತ್ತದೆ. ಈ ಮೂವರೂ ಕೂತು ಮಾತಾಡಿದರೆ ಗಾಬರಿ ಖಂಡಿತ. ನನಗೇಕೆ ಆ ಔಷಧಿ ಕೊಡಲಿಲ್ಲ, ನನ್ನ ಡಾಕ್ಟರಿಗೆ ಗೊತ್ತಿಲ್ಲವೇ ಎಂಬ ಅನುಮಾನ ಹುಟ್ಟುತ್ತದೆ. ಆದರೆ ಮೂವರಿಗೂ ಸರಿಯಾದ ಚಿಕಿತ್ಸೆಯೇ ಸಿಕ್ಕಿರಬಹುದು. ಈ ಕಾಯಿಲೆಯಲ್ಲಿ ಅದು ಅಪರೂಪವೂ ಅಲ್ಲ.

ಕೀಮೋಗಳನ್ನು ಹೋಲಿಸುವಾಗ ಹೆಚ್ಚಿನವರು ಮೊದಲು ಕೇಳುವುದು "ಯಾವುದು ಜೋರಾದದ್ದು?" ಅಂತ. ಈ ಕಾಯಿಲೆಗೆ ಆ ಪ್ರಶ್ನೆ ಹೊಂದುವುದೇ ಇಲ್ಲ. "ನನ್ನ ಗೆಡ್ಡೆ ಯಾವ ಜಾತಿಯದ್ದು, ಎಷ್ಟು ವೇಗವಾಗಿ ಬೆಳೆಯುತ್ತಿದೆ, ಎಲ್ಲಿ ಹುಟ್ಟಿದೆ?" ಎಂದು ಕೇಳಬೇಕು. ಇದಕ್ಕೆ ಉತ್ತರ ಸಿಕ್ಕಿದರೆ ಮುಂದಿನ ಪಟ್ಟಿ ತಾನಾಗಿಯೇ ಎರಡು ಮೂರು ಹೆಸರುಗಳಿಗೆ ಇಳಿಯುತ್ತದೆ. ಇಲ್ಲಿ ಬರೆದಿರುವುದು ಡಾಕ್ಟರ ಜೊತೆ ಮಾತಾಡಲು ತಯಾರಾಗುವುದಕ್ಕೆ. ಡೋಸ್ ಮತ್ತು ಔಷಧಿಯ ತೀರ್ಮಾನ ನಿಮ್ಮನ್ನು ನೋಡಿದ ಡಾಕ್ಟರದ್ದೇ ಆಗಿರಬೇಕು.

ಮೊದಲು ಬಯಾಪ್ಸಿ ರಿಪೋರ್ಟ್

ನ್ಯೂರೋಎಂಡೋಕ್ರೈನ್ ಜೀವಕೋಶಗಳು ಹಾರ್ಮೋನು ತಯಾರಿಸುತ್ತವೆ. ಜಠರ, ಕರುಳು, ಪ್ಯಾಂಕ್ರಿಯಾಸ್, ಶ್ವಾಸಕೋಶ, ಹೀಗೆ ದೇಹದ ಬಹಳ ಕಡೆ ಅವು ಚದುರಿಕೊಂಡಿವೆ. ಅವುಗಳಲ್ಲಿ ಹುಟ್ಟುವ ಕ್ಯಾನ್ಸರ್‌ನಲ್ಲಿ ಎರಡು ಬೇರೆ ಬೇರೆ ಕುಲಗಳಿವೆ. ಒಂದರಲ್ಲಿ ಜೀವಕೋಶಗಳು ತಮ್ಮ ಮೂಲ ರೂಪವನ್ನು ಬಹುಪಾಲು ಉಳಿಸಿಕೊಂಡಿರುತ್ತವೆ. ರಿಪೋರ್ಟಿನಲ್ಲಿ "ವೆಲ್ ಡಿಫರೆನ್ಷಿಯೇಟೆಡ್" ಎಂದಿರುತ್ತದೆ, ಹೆಸರು ಎನ್‌ಇಟಿ. ಇನ್ನೊಂದರಲ್ಲಿ ಮೂಲ ರೂಪ ಪೂರ್ತಿ ಕೆಟ್ಟಿರುತ್ತದೆ. ಅಲ್ಲಿ "ಪೂರ್ಲಿ ಡಿಫರೆನ್ಷಿಯೇಟೆಡ್" ಎಂದಿರುತ್ತದೆ, ಹೆಸರು ಎನ್‌ಇಸಿ. ಎನ್‌ಇಸಿಯಲ್ಲಿ ಮತ್ತೆ ಸ್ಮಾಲ್ ಸೆಲ್, ಲಾರ್ಜ್ ಸೆಲ್ ಎಂಬ ಎರಡು ಬಗೆ. ಎನ್‌ಇಟಿ ಮತ್ತು ಎನ್‌ಇಸಿ ಒಂದೇ ರೋಗದ ಹಿಂದಿನ ಮುಂದಿನ ಹಂತಗಳಲ್ಲ. ಒಳಗಿನ ಜೀನ್ ದೋಷಗಳೇ ಬೇರೆ. ಎನ್‌ಇಸಿಯಲ್ಲಿ ಟಿಪಿ53, ಆರ್‌ಬಿ1 ಜೀನ್‌ಗಳು ಕೆಟ್ಟಿರುವುದು ಜಾಸ್ತಿ. ಪ್ಯಾಂಕ್ರಿಯಾಸ್‌ನ ಎನ್‌ಇಟಿಯಲ್ಲಿ ಮೆನ್1, ಡ್ಯಾಕ್ಸ್, ಎಟಿಆರ್‌ಎಕ್ಸ್ ಜೀನ್‌ಗಳ ದೋಷ ಹೆಚ್ಚಾಗಿ ಕಾಣುತ್ತದೆ.

ಎರಡನೆಯದು ಕೆಐ-67. ಗೆಡ್ಡೆಯ ಜೀವಕೋಶಗಳಲ್ಲಿ ಶೇಕಡಾ ಎಷ್ಟು ವಿಭಜನೆಯ ಹಾದಿಯಲ್ಲಿವೆ ಎಂದು ಹೇಳುವ ಅಂಕಿ ಇದು. ಜೀರ್ಣಾಂಗಗಳ ಎನ್‌ಇಟಿಯಲ್ಲಿ ಶೇ. 3ಕ್ಕಿಂತ ಕಡಿಮೆಯಿದ್ದರೆ ಗ್ರೇಡ್ 1. 3ರಿಂದ 20ರವರೆಗೆ ಗ್ರೇಡ್ 2. 20 ದಾಟಿದರೆ ಗ್ರೇಡ್ 3. ಎನ್‌ಇಸಿಯಲ್ಲಿ ಕೆಐ-67 ಯಾವಾಗಲೂ 20ರ ಮೇಲೆಯೇ, ಹಲವು ಸಲ 70, 80, 90.

ಇಲ್ಲಿ ಒಂದು ಗೊಂದಲ ತುಂಬಾ ಜನರನ್ನು ಕಾಡುತ್ತದೆ. ಮೊದಲು ಕೆಐ-67 ಶೇ. 20 ದಾಟಿದ್ದನ್ನೆಲ್ಲ ಒಂದೇ ಗುಂಪಿಗೆ ಹಾಕಿ ಎನ್‌ಇಸಿ ಎನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಬದಲಾಯಿತು. 2017ರಲ್ಲಿ ಪ್ಯಾಂಕ್ರಿಯಾಸ್‌ಗೆ, 2019ರಲ್ಲಿ ಉಳಿದ ಜೀರ್ಣಾಂಗಗಳಿಗೂ ಗ್ರೇಡ್ 3 ಎನ್‌ಇಟಿ ಎಂಬ ಬೇರೆ ಗುಂಪು ಬಂತು. ಹಾಗಾಗಿ ಹಳೆಯ ಲೇಖನಗಳಲ್ಲಿ "ಗ್ರೇಡ್ 3" ಎಂದು ಓದಿದ್ದು ನಿಮ್ಮ ಗ್ರೇಡ್ 3 ಅಲ್ಲದೇ ಇರಬಹುದು. ಆ ಅಂಕಿ ನೋಡಿ ಎದೆ ಒಡೆದುಕೊಳ್ಳುವ ಮೊದಲು ರಿಪೋರ್ಟಿನಲ್ಲಿ "ವೆಲ್" ಇದೆಯೋ "ಪೂರ್ಲಿ" ಇದೆಯೋ ನೋಡಿ.

ಕೀಮೋ ಆಯ್ಕೆಗೆ ಇದು ಯಾಕೆ ಇಷ್ಟು ಮುಖ್ಯ? ಕೀಮೋ ಔಷಧಿಗಳು ಮುಖ್ಯವಾಗಿ ಹೊಡೆಯುವುದು ವಿಭಜನೆಯಾಗುತ್ತಿರುವ ಜೀವಕೋಶಗಳನ್ನು. ನೂರರಲ್ಲಿ ಎಂಬತ್ತು ಕೋಶಗಳು ಓಡುತ್ತಿದ್ದರೆ ಔಷಧಿಗೆ ಗುರಿ ಸಿಗುತ್ತದೆ. ನೂರರಲ್ಲಿ ಎರಡು ಮಾತ್ರ ಓಡುತ್ತಿದ್ದರೆ ಔಷಧಿಯ ಪೆಟ್ಟು ಗೆಡ್ಡೆಗಿಂತ ನಿಮ್ಮ ಮೂಳೆಯ ಮಜ್ಜೆ (ರಕ್ತಕಣ ತಯಾರಾಗುವ ಜಾಗ), ಬಾಯಿ, ಕರುಳಿನ ಮೇಲೆಯೇ ಜಾಸ್ತಿ ಬೀಳುತ್ತದೆ.

ರಿಪೋರ್ಟಿನ ಮೇಲೆ ಅನುಮಾನವಿದ್ದರೆ, ಅಂದರೆ ಕೆಐ-67 ಶೇ. 20ರಿಂದ 55ರ ಮಧ್ಯೆ ಇದ್ದು ಯಾವ ಕುಲ ಎಂದು ಸ್ಪಷ್ಟವಿಲ್ಲದಿದ್ದರೆ, ಬಯಾಪ್ಸಿಯ ತುಣುಕು ಇಟ್ಟ ಬ್ಲಾಕುಗಳನ್ನೂ ಸ್ಲೈಡುಗಳನ್ನೂ ಈ ಕಾಯಿಲೆಯಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್ ಹತ್ತಿರ ತೋರಿಸಿ. ಚಿಕಿತ್ಸೆಗೆ ಮುಂಚೆ ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಉಪಯೋಗದ್ದು ನನಗೆ ಇನ್ನೊಂದು ಕಾಣುವುದಿಲ್ಲ. ಇದರ ಜೊತೆಗೆ ಪೆಟ್ ಸ್ಕ್ಯಾನ್. ಗ್ಯಾಲಿಯಂ-68 ಡೋಟಾಟೇಟ್ ಸ್ಕ್ಯಾನಿನಲ್ಲಿ ಗೆಡ್ಡೆ ಹೊಳೆದರೆ ಅದರ ಮೇಲೆ ಸೊಮ್ಯಾಟೊಸ್ಟಾಟಿನ್ ರಿಸೆಪ್ಟರ್‌ಗಳು, ಅಂದರೆ ಸೊಮ್ಯಾಟೊಸ್ಟಾಟಿನ್ ಎಂಬ ಹಾರ್ಮೋನು ಅಂಟಿಕೊಳ್ಳುವ ಜಾಗಗಳು, ಇವೆ ಎಂದರ್ಥ. ಕೀಮೋ ಅಲ್ಲದ ಒಂದೆರಡು ಒಳ್ಳೆಯ ದಾರಿಗಳು ಆಗ ತೆರೆಯುತ್ತವೆ. ಮಾಮೂಲಿ ಎಫ್‌ಡಿಜಿ ಪೆಟ್‌ನಲ್ಲಿ ಜೋರಾಗಿ ಹೊಳೆದರೆ ಗೆಡ್ಡೆ ಚುರುಕಾಗಿದೆ ಎಂಬ ಸೂಚನೆ. ಒಬ್ಬರ ದೇಹದಲ್ಲೇ ಒಂದು ಗಡ್ಡೆ ಒಂದರಲ್ಲಿ, ಇನ್ನೊಂದು ಮತ್ತೊಂದರಲ್ಲಿ ಹೊಳೆಯುವುದೂ ಉಂಟು. ಆಗ ಚುರುಕಾದ ಗಡ್ಡೆಯಿಂದ ಮತ್ತೆ ಬಯಾಪ್ಸಿ ತೆಗೆಯಬೇಕೇ ಎಂದು ಕೇಳಿ.

ಕೀಮೋ ಬೇಡವಾಗುವುದು ಯಾವಾಗ

ಸಣ್ಣ ಕರುಳಿನಲ್ಲಿ ಹುಟ್ಟಿದ ಗ್ರೇಡ್ 1 ಅಥವಾ ಕಡಿಮೆ ಕೆಐ-67ರ ಗ್ರೇಡ್ 2 ಗೆಡ್ಡೆ ಲಿವರ್‌ಗೆ ಹರಡಿದ್ದರೂ ಸಾಮಾನ್ಯವಾಗಿ ಕೀಮೋ ಮೊದಲ ಆಯ್ಕೆಯಲ್ಲ. ಹರಡಿದ ಕ್ಯಾನ್ಸರ್‌ಗೆ ಕೀಮೋ ಕೊಡದೇ ಇರುವುದೆಂದರೆ ಕೈಬಿಟ್ಟಂತೆ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಈ ಗೆಡ್ಡೆಗಳು ಕೀಮೋಗೆ ಕುಗ್ಗುವುದು ತೀರಾ ಕಡಿಮೆ.

ಇಲ್ಲಿ ಶುರು ಮಾಡುವುದು ಸೊಮ್ಯಾಟೊಸ್ಟಾಟಿನ್‌ನಂತೆಯೇ ಕೆಲಸ ಮಾಡುವ ಆಕ್ಟ್ರಿಯೊಟೈಡ್ ಅಥವಾ ಲ್ಯಾನ್ರಿಯೊಟೈಡ್ ಇಂಜೆಕ್ಷನ್‌ನಿಂದ. ನಾಲ್ಕು ವಾರಕ್ಕೊಮ್ಮೆ ಚುಚ್ಚುತ್ತಾರೆ. 2009ರ ಪ್ರೊಮಿಡ್ ಅಧ್ಯಯನದಲ್ಲಿ ಆಕ್ಟ್ರಿಯೊಟೈಡ್ ಪಡೆದವರಲ್ಲಿ ಗೆಡ್ಡೆ ಬೆಳೆಯುವವರೆಗಿನ ಮಧ್ಯಮ ಅವಧಿ 14.3 ತಿಂಗಳಿತ್ತು. ಪಡೆಯದವರಲ್ಲಿ 6 ತಿಂಗಳು. 2014ರ ಕ್ಲಾರಿನೆಟ್ ಅಧ್ಯಯನದಲ್ಲಿ 204 ಜನರಿದ್ದರು. ಎರಡು ವರ್ಷದ ಹೊತ್ತಿಗೆ ಲ್ಯಾನ್ರಿಯೊಟೈಡ್ ಪಡೆದವರಲ್ಲಿ ಅಂದಾಜು ಶೇ. 65 ಜನರಿಗೆ ಕಾಯಿಲೆ ಮುಂದುವರಿದಿರಲಿಲ್ಲ. ಸುಮ್ಮನೆ ಹುಸಿ ಇಂಜೆಕ್ಷನ್ ಪಡೆದವರಲ್ಲಿ ಇದು ಶೇ. 33. ಈ ಇಂಜೆಕ್ಷನ್‌ಗಳು ಗೆಡ್ಡೆಯನ್ನು ಕರಗಿಸುವುದಿಲ್ಲ, ತಡೆದು ನಿಲ್ಲಿಸುತ್ತವೆ. ಕೂದಲು ಉದುರುವುದಿಲ್ಲ, ರಕ್ತಕಣ ಕುಸಿಯುವುದಿಲ್ಲ. ಭೇದಿ, ಪಿತ್ತಕೋಶದಲ್ಲಿ ಕಲ್ಲು, ಸಕ್ಕರೆ ಏರುಪೇರು ಇರಬಹುದು.

ಇದು ಸಾಲದಾದಾಗ, ಸ್ಕ್ಯಾನಿನಲ್ಲಿ ಹೊಳೆಯುವ ಗೆಡ್ಡೆಗಳಿಗೆ ಪಿಆರ್‌ಆರ್‌ಟಿ ಇದೆ. ಲ್ಯುಟೀಷಿಯಂ-177 ಎಂಬ ವಿಕಿರಣ ಸೂಸುವ ಔಷಧಿ ರಿಸೆಪ್ಟರ್ ಹಿಡಿದು ಗೆಡ್ಡೆಯ ಒಳಗೇ ಹೋಗುತ್ತದೆ. ಎಂಟು ವಾರಕ್ಕೊಂದರಂತೆ ಒಟ್ಟು ನಾಲ್ಕು ಡೋಸ್. 2017ರಲ್ಲಿ ಪ್ರಕಟವಾದ ನೆಟ್ಟರ್-1 ಅಧ್ಯಯನದಲ್ಲಿ, 20 ತಿಂಗಳ ಹೊತ್ತಿಗೆ ಪಿಆರ್‌ಆರ್‌ಟಿ ಪಡೆದವರಲ್ಲಿ ಶೇ. 65 ಜನರ ಕಾಯಿಲೆ ಹಿಡಿತದಲ್ಲಿತ್ತು. ಜಾಸ್ತಿ ಡೋಸ್ ಆಕ್ಟ್ರಿಯೊಟೈಡ್ ಪಡೆದವರಲ್ಲಿ ಶೇ. 11ರ ಹತ್ತಿರ. ಸಣ್ಣ ಕರುಳಿನ ಗೆಡ್ಡೆಯವರು ಕೀಮೋ ಮತ್ತು ಪಿಆರ್‌ಆರ್‌ಟಿ ನಡುವೆ ಆರಿಸುವ ಸಂದರ್ಭ ಬಂದರೆ, ರಿಸೆಪ್ಟರ್ ಚೆನ್ನಾಗಿದ್ದಲ್ಲಿ ತಕ್ಕಡಿ ಸ್ಪಷ್ಟವಾಗಿ ಪಿಆರ್‌ಆರ್‌ಟಿ ಕಡೆಗೇ ವಾಲುತ್ತದೆ.

ಪ್ಯಾಂಕ್ರಿಯಾಸ್‌ನ ಎನ್‌ಇಟಿ: ನಿಜವಾದ ಆಯ್ಕೆ ಇರುವುದು ಇಲ್ಲಿ

ಪ್ಯಾಂಕ್ರಿಯಾಸ್ ಎಂದ ಕೂಡಲೇ ಜನ ಹೆದರುತ್ತಾರೆ. ಮಾಮೂಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬೇರೆ, ಇದು ಬೇರೆ. ಔಷಧಿ ಬೇರೆ, ಬದುಕುವ ಅವಧಿಯ ಲೆಕ್ಕವೂ ಬೇರೆ. ಜೊತೆಗೆ ಎನ್‌ಇಟಿಗಳಲ್ಲಿ ಕೀಮೋಗೆ ಚೆನ್ನಾಗಿ ಬಗ್ಗುವುದು ಪ್ಯಾಂಕ್ರಿಯಾಸ್‌ನದ್ದೇ.

ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಯಾಪ್‌ಟೆಮ್. ಕೆಪೆಸಿಟಾಬಿನ್ ಮತ್ತು ಟೆಮೊಝೊಲೊಮೈಡ್ ಎಂಬ ಎರಡು ಬಾಯಿ ಔಷಧಿಗಳ ಜೋಡಿ. 28 ದಿನದ ಸುತ್ತು. ಕೆಪೆಸಿಟಾಬಿನ್ 1ರಿಂದ 14ನೇ ದಿನದವರೆಗೆ ದಿನಕ್ಕೆರಡು ಸಲ, ಟೆಮೊಝೊಲೊಮೈಡ್ 10ರಿಂದ 14ನೇ ದಿನದವರೆಗೆ ಮಾತ್ರ. ಉಳಿದ ಎರಡು ವಾರ ಬಿಡುವು. ಅಮೆರಿಕದಲ್ಲಿ 144 ಜನರ ಮೇಲೆ ನಡೆದ ಇ2211 ಅಧ್ಯಯನ ಟೆಮೊಝೊಲೊಮೈಡ್ ಒಂದನ್ನೇ ಕೊಡುವುದನ್ನೂ ಜೋಡಿ ಕೊಡುವುದನ್ನೂ ಹೋಲಿಸಿತು. ಕಾಯಿಲೆ ಮುಂದುವರಿಯದ ಮಧ್ಯಮ ಅವಧಿ ಒಂದೇ ಔಷಧಿಯಲ್ಲಿ 14.4 ತಿಂಗಳು, ಜೋಡಿಯಲ್ಲಿ 22.7 ತಿಂಗಳು. ಗೆಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಶೇ. 34 ಮತ್ತು 40 ಜನರಲ್ಲಿ. ಒಟ್ಟು ಬದುಕುಳಿದ ಅವಧಿಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೀವ್ರ ಅಡ್ಡಪರಿಣಾಮ ಜೋಡಿಯಲ್ಲಿ ಸುಮಾರು ದುಪ್ಪಟ್ಟು, ಶೇ. 22ರ ಎದುರು 45.

ಮಧ್ಯಮ ಅವಧಿ ಎಂದರೆ ನಿಮಗೆ ಅಷ್ಟೇ ತಿಂಗಳು ಎಂದಲ್ಲ. ಅರ್ಧದಷ್ಟು ಜನರಿಗೆ ಅದಕ್ಕಿಂತ ಜಾಸ್ತಿ, ಅರ್ಧದಷ್ಟು ಜನರಿಗೆ ಕಡಿಮೆ. ಅಧ್ಯಯನದ ಅಂಕಿಯನ್ನು ಕ್ಯಾಲೆಂಡರ್ ಮೇಲೆ ಗುರುತು ಮಾಡಿಕೊಂಡು ಕೂರಬೇಡಿ, ದಯವಿಟ್ಟು.

ಹಳೆಯ ಜೋಡಿ ಸ್ಟ್ರೆಪ್ಟೊಝೊಸಿನ್ ಮತ್ತು 5-ಎಫ್‌ಯು. ಸ್ಟ್ರೆಪ್ಟೊಝೊಸಿನ್‌ಗೆ ಅಮೆರಿಕದಲ್ಲಿ 1982ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಯುರೋಪಿನಲ್ಲಿ ಇಂದಿಗೂ ಬಳಸುತ್ತಾರೆ. ಇದು ಡ್ರಿಪ್ ಮೂಲಕ ಹೋಗುತ್ತದೆ, ವಾಂತಿ ತರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡಬಹುದು. ಕಿಡ್ನಿ ಮೊದಲೇ ದುರ್ಬಲವಿದ್ದವರಿಗೆ ಇದು ಒಳ್ಳೆಯ ಆಯ್ಕೆಯಲ್ಲ. ಕೆಲಸ ಮಾಡುವುದಿಲ್ಲ ಎಂದಲ್ಲ. ಸೆಕ್ಟರ್ ಎಂಬ ಅಧ್ಯಯನದಲ್ಲಿ 141 ಜನರಲ್ಲಿ ಅರ್ಧದಷ್ಟು ಜನರಿಗೆ ಮೊದಲು ಈ ಕೀಮೋ ಕೊಟ್ಟು ಆಮೇಲೆ ಎವೆರೊಲಿಮಸ್ ಎಂಬ, ಗೆಡ್ಡೆಯ ಬೆಳವಣಿಗೆ ತಡೆಯುವ ಮಾತ್ರೆ ಕೊಟ್ಟರು, ಉಳಿದವರಿಗೆ ತಿರುವುಮುರುವಾಗಿ. ಕಾಯಿಲೆ ಹಿಡಿತದಲ್ಲಿದ್ದ ಅವಧಿಯಲ್ಲಿ ಯಾವ ಕ್ರಮವೂ ಮೇಲಾಗಲಿಲ್ಲ. ಆದರೆ ಗೆಡ್ಡೆ ಕುಗ್ಗಿದ್ದು ಕೀಮೋದಲ್ಲಿ ಶೇ. 30 ಜನರಿಗೆ, ಎವೆರೊಲಿಮಸ್‌ನಲ್ಲಿ ಶೇ. 11 ಜನರಿಗೆ.

ಪ್ಯಾಂಕ್ರಿಯಾಸ್ ಎನ್‌ಇಟಿಯಲ್ಲಿ ಆಯ್ಕೆಯ ತಿರುವು ಇರುವುದೇ ಈ ಎರಡು ಅಂಕಿಗಳಲ್ಲಿ. ಗೆಡ್ಡೆ ಕುಗ್ಗಲೇಬೇಕೇ, ಇಲ್ಲ ಬೆಳೆಯದೆ ನಿಂತರೆ ಸಾಕೇ? ಹೊಟ್ಟೆ ನೋವಿದ್ದರೆ, ಲಿವರ್ ತುಂಬಾ ಗಡ್ಡೆಗಳಿದ್ದರೆ, ಪಿತ್ತನಾಳ ಅಥವಾ ಕರುಳನ್ನು ಒತ್ತುತ್ತಿದ್ದರೆ, ಸ್ವಲ್ಪ ಕುಗ್ಗಿದರೆ ಸರ್ಜರಿ ಸಾಧ್ಯ ಎಂದು ಸರ್ಜನ್ ಹೇಳಿದ್ದರೆ ಕುಗ್ಗಿಸುವ ಔಷಧಿ ಬೇಕು. ಆಗ ಕೀಮೋ ಮೊದಲ ಸಾಲಿಗೆ ಬರುತ್ತದೆ. ತೊಂದರೆ ಏನೂ ಇಲ್ಲ, ಸ್ಕ್ಯಾನಿನಲ್ಲಿ ನಿಧಾನವಾಗಿ ಬೆಳೆಯುತ್ತಿರುವುದಷ್ಟೇ ಕಾಣುತ್ತಿದೆ ಎಂದಾದರೆ ತಡೆಯುವ ಮಾತ್ರೆಗಳೂ ಲೆಕ್ಕಕ್ಕೆ ಬರುತ್ತವೆ. ಎವೆರೊಲಿಮಸ್ 2011ರ ಅಧ್ಯಯನದಲ್ಲಿ ಕಾಯಿಲೆ ಮುಂದುವರಿಯದ ಮಧ್ಯಮ ಅವಧಿಯನ್ನು 4.6 ತಿಂಗಳಿಂದ 11 ತಿಂಗಳಿಗೆ ಏರಿಸಿತು. ಅದೇ ವರ್ಷ ಸುನಿಟಿನಿಬ್ 5.5ನ್ನು 11.4ಕ್ಕೆ ಏರಿಸಿತು. ಆಮೇಲೆ ಬಂದ ಕ್ಯಾಬೊಝಾಂಟಿನಿಬ್‌ಗೆ 2025ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದು ಬೇರೆ ಚಿಕಿತ್ಸೆ ಈಗಾಗಲೇ ಪಡೆದವರಿಗೆ.

ಈ ಮಾತ್ರೆಗಳಿಗೆ "ಕೀಮೋ ಅಲ್ಲ" ಎಂಬ ಹೆಸರಿದೆ ಅಂತ ಹಗುರ ಎಂದುಕೊಳ್ಳಬೇಡಿ. ಎವೆರೊಲಿಮಸ್ ಬಾಯಿಹುಣ್ಣು ತರುತ್ತದೆ, ಸಕ್ಕರೆ ಏರಿಸುತ್ತದೆ, ಕೆಲವರಲ್ಲಿ ಶ್ವಾಸಕೋಶಕ್ಕೆ ಉರಿಯೂತ ತರುತ್ತದೆ. ಸುನಿಟಿನಿಬ್ ಬಿಪಿ ಏರಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಗೆ ಬರದವರಿಗೆ ಎವೆರೊಲಿಮಸ್‌ಗಿಂತ ಬೇರೆಯದು, ಬಿಪಿ ಅಥವಾ ಹೃದಯದ ತೊಂದರೆ ಇರುವವರಿಗೆ ಸುನಿಟಿನಿಬ್‌ಗಿಂತ ಬೇರೆಯದು ಸರಿಯೆನಿಸಬಹುದು. ದಿನಾ ನುಂಗಬೇಕಾದ ಮಾತ್ರೆಗೆ ಬಿಡುವೂ ಇಲ್ಲ. ಕ್ಯಾಪ್‌ಟೆಮ್‌ನಲ್ಲಿ ಎರಡು ವಾರ ಔಷಧಿ ಇಲ್ಲದ ದಿನಗಳು ಸಿಗುತ್ತವೆ. ಒಂದು ಹಂತದ ನಂತರ ಪೂರ್ತಿ ನಿಲ್ಲಿಸಿ ಕಾಯುವುದೂ ಸಾಧ್ಯ. ಇದನ್ನು ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎಂಜಿಎಂಟಿ ಎಂಬ ಪರೀಕ್ಷೆಯ ಹೆಸರು ನಿಮ್ಮ ಕಿವಿಗೆ ಬೀಳಬಹುದು. ಗೆಡ್ಡೆಯಲ್ಲಿ ಈ ದುರಸ್ತಿ ಪ್ರೋಟೀನ್ ಕಡಿಮೆಯಿದ್ದರೆ ಟೆಮೊಝೊಲೊಮೈಡ್ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಇ2211ರಲ್ಲೂ ಅದೇ ಕಂಡಿತು. ಕುಗ್ಗಿಸಲೇಬೇಕಾದ ಸ್ಥಿತಿಯಲ್ಲಿ ಇದು ಉಪಯೋಗದ ಮಾಹಿತಿ. ಆದರೆ ಪ್ರೋಟೀನ್ ಇದೆ ಎಂಬ ಒಂದೇ ಕಾರಣಕ್ಕೆ ಕ್ಯಾಪ್‌ಟೆಮ್ ಪೂರ್ತಿ ಕೈಬಿಡುವುದು ಸರಿಯಲ್ಲ.

ಗ್ರೇಡ್ 3 ಎನ್‌ಇಟಿ: ನಡುವಿನವರು

ವೆಲ್ ಡಿಫರೆನ್ಷಿಯೇಟೆಡ್, ಆದರೆ ಕೆಐ-67 ಶೇ. 20ರ ಮೇಲೆ. ಇವರನ್ನು ಹಿಂದೆ ಎನ್‌ಇಸಿ ಎಂದು ತಿಳಿದು ಪ್ಲಾಟಿನಂ ಕೀಮೋ (ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಇರುವುದು) ಕೊಡುತ್ತಿದ್ದರು. ಅದು ಇವರಿಗೆ ಅಷ್ಟಾಗಿ ಹತ್ತುವುದಿಲ್ಲ. ಈಗ ಇಲ್ಲಿ ಕ್ಯಾಪ್‌ಟೆಮ್, ಫೋಲ್‌ಫಾಕ್ಸ್ (5-ಎಫ್‌ಯು ಜೊತೆ ಆಕ್ಸಾಲಿಪ್ಲಾಟಿನ್ ಇರುವ ಡ್ರಿಪ್) ಅಥವಾ ಪಿಆರ್‌ಆರ್‌ಟಿ ಚರ್ಚೆಗೆ ಬರುತ್ತವೆ. 2024ರಲ್ಲಿ ಪ್ರಕಟವಾದ ನೆಟ್ಟರ್-2 ಅಧ್ಯಯನ ಕೆಐ-67 ಶೇ. 10ರಿಂದ 55ರವರೆಗಿನ, ರಿಸೆಪ್ಟರ್ ಇರುವ ಗೆಡ್ಡೆಗಳಿಗೆ ಮೊದಲ ಚಿಕಿತ್ಸೆಯಾಗಿಯೇ ಪಿಆರ್‌ಆರ್‌ಟಿ ಕೊಟ್ಟು ನೋಡಿತು. ಕಾಯಿಲೆ ಹಿಡಿತದಲ್ಲಿದ್ದ ಮಧ್ಯಮ ಅವಧಿ 22.8 ತಿಂಗಳು, ಇಂಜೆಕ್ಷನ್ ಮಾತ್ರ ಪಡೆದವರಲ್ಲಿ 8.5. ಗೆಡ್ಡೆ ಕುಗ್ಗಿದ್ದು ಶೇ. 43 ಜನರಲ್ಲಿ.

ಒಂದು ಮಾತು ನೆನಪಿಡಿ. ಈ ಅಧ್ಯಯನದಲ್ಲಿ ಎದುರಿಗಿದ್ದದ್ದು ಕೀಮೋ ಅಲ್ಲ, ಆಕ್ಟ್ರಿಯೊಟೈಡ್. ಹಾಗಾಗಿ ಪಿಆರ್‌ಆರ್‌ಟಿ ಕ್ಯಾಪ್‌ಟೆಮ್‌ಗಿಂತ ಮೇಲು ಎಂದು ಇದರಿಂದ ಸಾಬೀತಾಗಲಿಲ್ಲ. ಬೇರೆ ಬೇರೆ ಅಧ್ಯಯನಗಳ ತಿಂಗಳುಗಳನ್ನು ಪಕ್ಕಪಕ್ಕ ಇಟ್ಟು ಗೆದ್ದವರನ್ನು ಘೋಷಿಸುವುದು ಸುಲಭ, ಆದರೆ ಅದು ಸರಿಯಾದ ಹೋಲಿಕೆಯಲ್ಲ. ಪ್ರತಿ ಅಧ್ಯಯನಕ್ಕೂ ಸೇರಿದ ಜನ ಬೇರೆ. ನನ್ನ ಅಭಿಪ್ರಾಯ ಹೇಳಬೇಕೆಂದರೆ, ಎಲ್ಲಾ ಗಡ್ಡೆಗಳೂ ಡೋಟಾಟೇಟ್ ಸ್ಕ್ಯಾನಿನಲ್ಲಿ ಚೆನ್ನಾಗಿ ಹೊಳೆಯುತ್ತಿದ್ದರೆ ಪಿಆರ್‌ಆರ್‌ಟಿ ಬಗ್ಗೆ ಗಂಭೀರವಾಗಿ ಕೇಳಲೇಬೇಕು. ಕೆಲವು ಗಡ್ಡೆಗಳು ಹೊಳೆಯದಿದ್ದರೆ, ಅಥವಾ ಬೇಗ ಬೆಳೆದು ತೊಂದರೆ ಕೊಡುತ್ತಿದ್ದರೆ ಕೀಮೋ ಮೊದಲು. ಎರಡೂ ಮಜ್ಜೆಯ ಮೇಲೆ ಭಾರ ಹಾಕುತ್ತವೆ. ವರ್ಷಗಳ ನಂತರ ಕೆಲವರಲ್ಲಿ ಮಜ್ಜೆಯ ಗಂಭೀರ ಕಾಯಿಲೆ ಬರುವ ಸಣ್ಣ ಅಪಾಯವೂ ಇದೆ. ಮೊದಲನೆಯದನ್ನು ಆರಿಸುವಾಗಲೇ ಎರಡನೆಯದಕ್ಕೆ ಮಜ್ಜೆಯಲ್ಲಿ ಶಕ್ತಿ ಉಳಿಯುತ್ತದೆಯೇ ಎಂದು ಕೇಳಿಡಿ.

ಎನ್‌ಇಸಿ: ಇಲ್ಲಿ ಕಾಯುವ ಹಾಗಿಲ್ಲ

ಎನ್‌ಇಸಿ ಬೇಗ ಬೆಳೆಯುತ್ತದೆ. ಹರಡಿದ ಎನ್‌ಇಸಿಯಲ್ಲಿ ಚಿಕಿತ್ಸೆ ತಡವಾದಷ್ಟೂ ದೇಹದ ಶಕ್ತಿ ಇಳಿಯುತ್ತದೆ. ಕೀಮೋ ತಡೆದುಕೊಳ್ಳುವ ಅವಕಾಶವೇ ಕೈತಪ್ಪಬಹುದು. ಎರಡನೇ ಅಭಿಪ್ರಾಯ ಬೇಕಿದ್ದರೆ ತೆಗೆದುಕೊಳ್ಳಿ, ಆದರೆ ವಾರಗಟ್ಟಲೆ ಅಲ್ಲ, ದಿನಗಳ ಒಳಗೆ.

ಮೊದಲ ಚಿಕಿತ್ಸೆ ಪ್ಲಾಟಿನಂ ಜೊತೆಗೆ ಎಟೋಪೊಸೈಡ್. ಮೂರು ವಾರದ ಸುತ್ತು, ಸಾಮಾನ್ಯವಾಗಿ ಮೊದಲ ಮೂರು ದಿನ ಡ್ರಿಪ್, ಒಟ್ಟು ನಾಲ್ಕರಿಂದ ಆರು ಸುತ್ತು. ಇಲ್ಲಿ ಆಯ್ಕೆ ಇರುವುದು ಸಿಸ್‌ಪ್ಲಾಟಿನ್‌ಗೂ ಕಾರ್ಬೋಪ್ಲಾಟಿನ್‌ಗೂ ಮಧ್ಯೆ. 2013ರಲ್ಲಿ ಪ್ರಕಟವಾದ ನಾರ್ಡಿಕ್ ದೇಶಗಳ 305 ರೋಗಿಗಳ ಅಧ್ಯಯನದಲ್ಲಿ ಫಲಿತಾಂಶ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಇತ್ತು. ಹಾಗಾದರೆ ಆರಿಸುವುದು ದೇಹ ನೋಡಿಕೊಂಡು. ಸಿಸ್‌ಪ್ಲಾಟಿನ್ ಕಿಡ್ನಿ, ಕಿವಿ, ಕೈಕಾಲಿನ ನರಗಳಿಗೆ ಪೆಟ್ಟು ಕೊಡುತ್ತದೆ. ವಾಂತಿ ಜೋರು. ಅದರ ಜೊತೆ ಲೀಟರ್‌ಗಟ್ಟಲೆ ಸಲೈನ್ ಹೋಗಬೇಕು, ಅಂದರೆ ಹೃದಯ ದುರ್ಬಲವಿದ್ದವರಿಗೆ ಕಷ್ಟ. ಕಾರ್ಬೋಪ್ಲಾಟಿನ್ ಇವೆಲ್ಲದರಲ್ಲೂ ಮೃದು, ಆದರೆ ಪ್ಲೇಟ್‌ಲೆಟ್ ಮತ್ತು ರಕ್ತಕಣಗಳನ್ನು ಜಾಸ್ತಿ ಇಳಿಸುತ್ತದೆ. ಕಿಡ್ನಿ ಕೆಲಸದ ಲೆಕ್ಕ ಹಾಕಿ ಅದರ ಡೋಸ್ ನಿರ್ಧರಿಸುತ್ತಾರೆ. ವಯಸ್ಸಾದವರು, ಕಿವಿ ಮೊದಲೇ ಮಂದವಾದವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಕಾರ್ಬೋಪ್ಲಾಟಿನ್ ಬಗ್ಗೆ ಬಾಯಿಬಿಟ್ಟು ಕೇಳಿ. ಕಿವಿಯಲ್ಲಿ ಗುಂಯ್‌ಗುಡುವುದು ಇದೆ ಎಂದು ರೋಗಿ ಹೇಳದಿದ್ದರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ?

ಎಟೋಪೊಸೈಡ್ ಬದಲು ಇರಿನೊಟೆಕಾನ್ ಬಳಸುವ ಪದ್ಧತಿಯೂ ಇದೆ. ಜಪಾನಿನಲ್ಲಿ 170 ಜನರ ಮೇಲೆ ನಡೆದ ಟಾಪಿಕ್-ಎನ್‌ಇಸಿ ಅಧ್ಯಯನ ಎರಡನ್ನೂ ನೇರವಾಗಿ ಎದುರುಬದುರು ಇಟ್ಟಿತು. ಮಧ್ಯಮ ಬದುಕುಳಿಕೆ ಎಟೋಪೊಸೈಡ್ ಜೋಡಿಯಲ್ಲಿ 12.5 ತಿಂಗಳು, ಇರಿನೊಟೆಕಾನ್ ಜೋಡಿಯಲ್ಲಿ 10.9. ಅಂಕಿಅಂಶದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ಎಟೋಪೊಸೈಡ್‌ನಲ್ಲಿ ಬಿಳಿ ರಕ್ತಕಣ ಕುಸಿದು ಜ್ವರ ಬರುವುದು ಜಾಸ್ತಿ, ಕೂದಲು ಪೂರ್ತಿ ಉದುರುತ್ತದೆ. ಇರಿನೊಟೆಕಾನ್‌ನಲ್ಲಿ ಭೇದಿಯ ಕಾಟ. ಮೊದಲೇ ಸಡಿಲ ಹೊಟ್ಟೆಯವರಿಗೆ ಎರಡನೆಯದು ಕಷ್ಟವಾದೀತು.

ನಾರ್ಡಿಕ್ ಅಧ್ಯಯನದಿಂದ ಇನ್ನೊಂದು ವಿಷಯ ಹೊರಬಂತು. ಕೆಐ-67 ಶೇ. 55ಕ್ಕಿಂತ ಕಡಿಮೆ ಇದ್ದವರಲ್ಲಿ ಪ್ಲಾಟಿನಂ ಕೀಮೋಗೆ ಗೆಡ್ಡೆ ಕುಗ್ಗಿದ್ದು ಶೇ. 15 ಜನರಿಗೆ ಮಾತ್ರ, ಆದರೆ ಅವರ ಮಧ್ಯಮ ಬದುಕುಳಿಕೆ 14 ತಿಂಗಳು. 55 ಮತ್ತು ಮೇಲಿನವರಲ್ಲಿ ಕುಗ್ಗಿದ್ದು ಶೇ. 42 ಜನರಿಗೆ, ಮಧ್ಯಮ ಬದುಕುಳಿಕೆ 10 ತಿಂಗಳು. ಬೇಗ ಬೆಳೆಯುವುದು ಬೇಗ ಕುಗ್ಗುತ್ತದೆ, ಬೇಗ ಮರಳಿಯೂ ಬರುತ್ತದೆ. ಮೊದಲ ಸ್ಕ್ಯಾನಿನಲ್ಲಿ ಗೆಡ್ಡೆ ಅರ್ಧವಾಗಿದೆ ಎಂದು ಖುಷಿಪಡಿ, ಪಡಲೇಬೇಕು. ಆದರೆ ಮುಂದಿನ ಔಷಧಿ ಯಾವುದು ಎಂದು ಅದೇ ದಿನ ಕೇಳಿಟ್ಟುಕೊಳ್ಳಿ.

ಶ್ವಾಸಕೋಶ ಮತ್ತು ಚರ್ಮದ್ದು

ಶ್ವಾಸಕೋಶದಲ್ಲಿ ಹೆಸರುಗಳು ಬೇರೆ. ಟಿಪಿಕಲ್ ಕಾರ್ಸಿನಾಯ್ಡ್, ಎಟಿಪಿಕಲ್ ಕಾರ್ಸಿನಾಯ್ಡ್ ಎಂದರೆ ನಿಧಾನದವು. ಹರಡಿದಾಗ ಎವೆರೊಲಿಮಸ್, ಪಿಆರ್‌ಆರ್‌ಟಿ, ಟೆಮೊಝೊಲೊಮೈಡ್ ಆಧಾರಿತ ಕೀಮೋ ಇವುಗಳ ಮಧ್ಯೆ ಆಯ್ಕೆ. ಸ್ಮಾಲ್ ಸೆಲ್‌ಗೆ ಪ್ಲಾಟಿನಂ-ಎಟೋಪೊಸೈಡ್ ಜೊತೆಗೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಔಷಧಿ, ಸೇರಿಸುತ್ತಾರೆ. ಹರಡಿದ ಸ್ಮಾಲ್ ಸೆಲ್‌ನಲ್ಲಿ ಅಟೆಝೊಲಿಝುಮ್ಯಾಬ್ ಎಂಬ ಈ ಬಗೆಯ ಔಷಧಿ ಸೇರಿಸಿದರೆ ಲಾಭವಿದೆ ಎಂದು 2018ರಲ್ಲಿ ಗೊತ್ತಾಯಿತು. ಚರ್ಮದ ಮರ್ಕೆಲ್ ಸೆಲ್ ಕ್ಯಾನ್ಸರ್ ಕೂಡ ನ್ಯೂರೋಎಂಡೋಕ್ರೈನ್ ಜಾತಿಯದ್ದೇ. ಅದು ಹರಡಿದ್ದರೆ ಈಗ ಕೀಮೋಗಿಂತ ಮೊದಲು ಇಮ್ಯುನೋಥೆರಪಿ ಬಗ್ಗೆ ಯೋಚಿಸುತ್ತಾರೆ.

ಮಾತ್ರೆಯೋ ಡ್ರಿಪ್ಪೋ

ಮಾತ್ರೆ ಎಂದರೆ ಹಗುರ ಎಂಬ ನಂಬಿಕೆ ಅಪಾಯದ್ದು. ಕ್ಯಾಪ್‌ಟೆಮ್ ಪೂರ್ತಿ ಕೀಮೋನೇ. ಡ್ರಿಪ್ ಕೊಡುವಾಗ ನರ್ಸ್ ಎರಡು ಸಲ ಪರೀಕ್ಷಿಸುವ ಕೆಲಸವನ್ನು ಮಾತ್ರೆಯಲ್ಲಿ ನೀವೇ ಮಾಡಬೇಕು. ಟೆಮೊಝೊಲೊಮೈಡ್ ಐದೇ ದಿನ. ಅದನ್ನು ತಪ್ಪಿ ಹದಿನಾಲ್ಕು ದಿನ ನುಂಗಿದರೆ ಮಜ್ಜೆ ನೆಲಕಚ್ಚುತ್ತದೆ. ಕ್ಯಾಲೆಂಡರ್ ಮೇಲೆ ಎರಡು ಬಣ್ಣದಲ್ಲಿ ಬರೆದು ಅಂಟಿಸಿ. ಕೆಪೆಸಿಟಾಬಿನ್ ಊಟವಾಗಿ ಅರ್ಧ ಗಂಟೆಯೊಳಗೆ. ಟೆಮೊಝೊಲೊಮೈಡ್ ಖಾಲಿ ಹೊಟ್ಟೆಯಲ್ಲಿ, ಹೆಚ್ಚಾಗಿ ಮಲಗುವ ಹೊತ್ತಿಗೆ, ಅದಕ್ಕೂ ಮುಂಚೆ ವಾಂತಿ ತಡೆಯುವ ಮಾತ್ರೆ. ಕ್ಯಾಪ್ಸೂಲ್ ಒಡೆಯಬಾರದು.

ಕೆಪೆಸಿಟಾಬಿನ್ ಆಗಲಿ 5-ಎಫ್‌ಯು ಆಗಲಿ ಶುರು ಮಾಡುವ ಮೊದಲು ಡಿಪಿಡಿ ಪರೀಕ್ಷೆ ಮಾಡಿಸಬಹುದೇ ಎಂದು ಕೇಳಿ. ಈ ಔಷಧಿಯನ್ನು ಒಡೆದು ಹೊರಹಾಕುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಮಾಮೂಲಿ ಡೋಸೇ ಪ್ರಾಣಕ್ಕೆ ಕುತ್ತಾಗಬಹುದು. ಯುರೋಪಿನ ಔಷಧ ಸಂಸ್ಥೆ 2020ರಿಂದ ಈ ಪರೀಕ್ಷೆಯನ್ನು ಮುಂಚೆಯೇ ಮಾಡಲು ಹೇಳುತ್ತಿದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯ್ನ್ ನುಂಗುತ್ತಿದ್ದರೆ ತಿಳಿಸಲೇಬೇಕು. ಕೆಪೆಸಿಟಾಬಿನ್ ಅವೆರಡರ ಪರಿಣಾಮವನ್ನೂ ಏರಿಸುತ್ತದೆ. ಅಂಗೈ ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳುವುದು ಇದರದ್ದೇ ಗುಣ. ಉರಿ ಶುರುವಾದಾಗಲೇ ಹೇಳಿದರೆ ಡೋಸ್ ಇಳಿಸಿ ಸರಿಮಾಡುತ್ತಾರೆ. ನಡೆಯಲಾಗದ ಹಂತಕ್ಕೆ ಬರುವವರೆಗೆ ಸಹಿಸಿಕೊಳ್ಳುವುದರಲ್ಲಿ ಯಾವ ಲಾಭವೂ ಇಲ್ಲ.

ಯಾವ ಕೀಮೋ ಆದರೂ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ. ಸುಮ್ನೆ ಪ್ಯಾರಾಸಿಟಮಾಲ್ ನುಂಗಿ ಮಲಗಲೂಬೇಡಿ. ಆ ರಾತ್ರಿಯೇ ಆಸ್ಪತ್ರೆ. ಮಕ್ಕಳು ಬೇಕೆಂದಿರುವ ಗಂಡಸರು ಹೆಂಗಸರು ಇಬ್ಬರೂ ವೀರ್ಯ ಅಥವಾ ಅಂಡಾಣು ಉಳಿಸಿಡುವ ಮಾತನ್ನು ಮೊದಲ ಸುತ್ತಿಗೆ ಮುಂಚೆಯೇ ಎತ್ತಬೇಕು. ಆಮೇಲೆ ತಡವಾಗುತ್ತದೆ.

ಗೆಡ್ಡೆ ಹಾರ್ಮೋನು ಸುರಿಯುತ್ತಿದ್ದರೆ, ಅಂದರೆ ಮುಖ ಕೆಂಪೇರುವುದು, ಪದೇ ಪದೇ ಭೇದಿ, ಸಕ್ಕರೆ ದಿಢೀರ್ ಇಳಿಯುವುದು ಇದ್ದರೆ, ಅದನ್ನು ಹತೋಟಿಗೆ ತರುವ ಔಷಧಿ ಕೀಮೋ ಜೊತೆಗೂ ಮುಂದುವರಿಯಬೇಕು. ಇಲ್ಲದಿದ್ದರೆ ಭೇದಿ ಕಾಯಿಲೆಯದ್ದೋ ಕೀಮೋದ್ದೋ ಎಂದು ಯಾರಿಗೂ ತಿಳಿಯುವುದಿಲ್ಲ. ಕೀಮೋಗೆ ಮುಂಚೆ ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದಿರಿ ಎಂದು ಒಂದು ವಾರ ಬರೆದಿಡಿ.

ಮೊದಲ ಕೀಮೋ ಕೈಕೊಟ್ಟ ಮೇಲೆ

ಎನ್‌ಇಟಿಯಲ್ಲಿ ಒಂದು ಔಷಧಿ ನಿಂತರೆ ಇನ್ನೂ ಎರಡು ಮೂರು ಬಾಗಿಲು ಉಳಿದಿರುತ್ತವೆ. ಅಲ್ಲಿ ಪ್ರಶ್ನೆ ಕ್ರಮದ್ದು. ಎನ್‌ಇಸಿಯಲ್ಲಿ ಬಾಗಿಲು ಕಡಿಮೆ. ಪ್ಲಾಟಿನಂ ಮುಗಿಸಿ ಆರು ತಿಂಗಳಾದರೂ ಕಾಯಿಲೆ ಸುಮ್ಮನಿದ್ದು ಆಮೇಲೆ ಮರಳಿದರೆ ಅದೇ ಔಷಧಿಯನ್ನು ಮತ್ತೆ ಪ್ರಯತ್ನಿಸಬಹುದು. ಅದಕ್ಕಿಂತ ಬೇಗ ಬಂದರೆ ಫೋಲ್‌ಫಿರಿ (5-ಎಫ್‌ಯು ಜೊತೆ ಇರಿನೊಟೆಕಾನ್), ಫೋಲ್‌ಫಾಕ್ಸ್ ಅಥವಾ ಕ್ಯಾಪ್‌ಟೆಮ್. ಫೋಲ್‌ಫಿರಿಯಲ್ಲಿ ಭೇದಿ ಜಾಸ್ತಿ. ಫೋಲ್‌ಫಾಕ್ಸ್‌ನಲ್ಲಿ ಬೆರಳು ಜೋಮು ಹಿಡಿಯುತ್ತದೆ, ತಣ್ಣೀರು ಮುಟ್ಟಿದರೂ ಚುಚ್ಚುತ್ತದೆ. ಸಿಸ್‌ಪ್ಲಾಟಿನ್‌ನಿಂದ ನರಗಳು ಈಗಾಗಲೇ ಸೋತಿದ್ದರೆ ಫೋಲ್‌ಫಿರಿ ಹೊಂದಬಹುದು. ಫೋಲ್‌ಫಿರಿಗೆ, ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಸಿಝುಮ್ಯಾಬ್ ಸೇರಿಸಿದರೆ ಜಾಸ್ತಿ ಲಾಭವಾಗುತ್ತದೆಯೇ ಎಂದು ಫ್ರಾನ್ಸಿನಲ್ಲಿ ನೋಡಿದರು. ಹಾಗೇನೂ ಕಾಣಲಿಲ್ಲ.

ಈ ಹಂತಕ್ಕೆ ಬರುವ ಮೊದಲೇ, ಆದಷ್ಟು ಮೊದಲ ಸುತ್ತಿನ ಹೊತ್ತಿಗೇ, ಎನ್‌ಇಸಿ ಗೆಡ್ಡೆಯ ಜೀನ್ ಪರೀಕ್ಷೆಗೆ ಕೊಡುವುದು ಒಳ್ಳೆಯದು. ಕೆಲವರಲ್ಲಿ ಬಿರಾಫ್ ಎಂಬ ಜೀನ್ ದೋಷವೋ, ಎಂಎಸ್‌ಐ-ಹೈ ಎಂಬ ಗುರುತೋ ಸಿಗುತ್ತದೆ. ಸಿಕ್ಕವರಿಗೆ ನೇರ ಗುರಿಯ ಮಾತ್ರೆ ಅಥವಾ ಇಮ್ಯುನೋಥೆರಪಿ ಕೊಡಬಹುದು. ವರದಿ ಬರಲು ವಾರಗಳು ಬೇಕು. ಎನ್‌ಇಸಿಯಲ್ಲಿ ಬೇಕಾದಾಗ ಆ ವಾರಗಳು ಇರುವುದಿಲ್ಲ.

ಹಾಸಿಗೆ ಬಿಟ್ಟು ಏಳಲು ಆಗದ ಸ್ಥಿತಿಗೆ ಬಂದವರಿಗೆ ಮತ್ತೊಂದು ಕೀಮೋ ಸಾಮಾನ್ಯವಾಗಿ ಒಳ್ಳೆಯದನ್ನು ಮಾಡುವುದಿಲ್ಲ, ಇರುವ ದಿನಗಳನ್ನು ಆಸ್ಪತ್ರೆಯಲ್ಲೇ ಕಳೆಯುವಂತೆ ಮಾಡುತ್ತದೆ. ಈ ಮಾತು ಹೇಳಲು ಡಾಕ್ಟರಿಗೂ ಕಷ್ಟ, ಕೇಳಲು ಮನೆಯವರಿಗೂ ಕಷ್ಟ. ಹಾಗಾಗಿ ರೋಗಿ ಚೆನ್ನಾಗಿರುವಾಗಲೇ "ಯಾವ ಹಂತದಲ್ಲಿ ಕೀಮೋ ನಿಲ್ಲಿಸುತ್ತೀರಿ?" ಎಂದು ಕೇಳಿ, ರೋಗಿಯ ಇಷ್ಟವನ್ನು ರೋಗಿಯ ಬಾಯಿಂದಲೇ ತಿಳಿದುಕೊಳ್ಳಿ. ಪ್ಯಾಲಿಯೇಟಿವ್ ತಂಡವನ್ನು ಕೊನೆಗೆ ಕರೆಯಬೇಕೆಂದೇನೂ ಇಲ್ಲ. ಎನ್‌ಇಸಿಯವರಿಗೆ ಮೊದಲ ಸುತ್ತಿನಿಂದಲೇ ಅವರು ಜೊತೆಗಿರಬಹುದು. ನೋವು, ವಾಕರಿಕೆ, ನಿದ್ದೆ, ಊಟ ಸೇರದಿರುವುದು, ಇವನ್ನು ಅವರು ನೋಡಿಕೊಂಡರೆ ಕೀಮೋ ತಡೆದುಕೊಳ್ಳುವುದೂ ಸುಲಭವಾಗುತ್ತದೆ.